ಪರ್ಣಶಾಲೆಗಳ ಹಬ್ಬ: ಯೆಹೂದ್ಯರ ಸುಗ್ಗಿಯ ಸಂಕೇತಾರ್ಥ

ಕೃಷಿಯಿಂದ ಹುಟ್ಟಿದ ಹಬ್ಬವೊಂದು, ಅದನ್ನು ಆಚರಿಸುವ ಜನ ತಮ್ಮ ಹೊಲಗದ್ದೆಗಳನ್ನು ಕಳೆದುಕೊಂಡ ಮೇಲೂ ಉಳಿಯಬಲ್ಲುದೆ? ಉಳಿದರೆ ಯಾವ ಬಲದಿಂದ ಉಳಿಯುತ್ತದೆ? ಈ ಪ್ರಶ್ನೆಗೆ ಯೆಹೂದ್ಯರ ‘ಸುಕ್ಕೋತ್’ ಹಬ್ಬದ ಇತಿಹಾಸವು ಕೊಡುವ ಉತ್ತರ ವಿಚಾರಾರ್ಹವಾದುದು. ಹೀಬ್ರೂ ಭಾಷೆಯಲ್ಲಿ ‘ಸುಕ್ಕಾ’ ಎಂದರೆ ಗುಡಿಸಲು. ಅದರ ಬಹುವಚನವೇ ‘ಸುಕ್ಕೋತ್’. ಕನ್ನಡ ಬೈಬಲ್ಲು ಇದನ್ನು ‘ಪರ್ಣಶಾಲೆಗಳ ಜಾತ್ರೆ’ ಎಂದು ಅರ್ಥವತ್ತಾಗಿ ಕರೆದಿದೆ.

ಯೆಹೂದ್ಯ ಪಂಚಾಂಗದ ತಿಶ್ರಿ ಮಾಸದ 15ನೆಯ ದಿನ, ಎಂದರೆ ಸೆಪ್ಟೆಂಬರ್–ಅಕ್ಟೋಬರ್ ಅವಧಿಯ ಹುಣ್ಣಿಮೆಯ ಹೊತ್ತಿಗೆ, ಹಬ್ಬವು ಆರಂಭವಾಗಿ 7 ದಿನ ನಡೆಯುತ್ತದೆ. ಪ್ರಾಚೀನ ಇಸ್ರಾಯೇಲಿನಲ್ಲಿ ಜನರು ಯಾತ್ರೆ ಹೊರಡಬೇಕಾಗಿದ್ದ ಹಬ್ಬಗಳು ಮೂರು. ವಸಂತದ ಪೆಸಹ ಹಬ್ಬವು ಜವೆಗೋಧಿಯ ಕೊಯ್ಲಿಗೂ, ಅದಾದ 7 ವಾರಗಳ ಮೇಲೆ ಬರುವ ಶಾವೂಓತ್ ಹಬ್ಬವು ಗೋಧಿಯ ಕೊಯ್ಲಿಗೂ ಸಂಬಂಧಿಸಿದವು. ಕಣದ ಕೆಲಸ ಮುಗಿದು, ದ್ರಾಕ್ಷಿಯ ಆಲೆಗಳು ತುಂಬಿ, ವರ್ಷದ ಫಲವೆಲ್ಲ ಮನೆ ಸೇರಿದ ಮೇಲೆ ಬರುವುದು ಸುಕ್ಕೋತ್. ಆದುದರಿಂದಲೇ ವಿಮೋಚನಕಾಂಡವು ಇದನ್ನು ಫಲಸಂಗ್ರಹದ ಹಬ್ಬವೆಂದಿತು.

ಯಾಜಕಕಾಂಡದ 23ನೆಯ ಅಧ್ಯಾಯವಾದರೋ ಇದಕ್ಕೆ ಬೇರೊಂದು ಕಾರಣವನ್ನು ಕೊಡುತ್ತದೆ. ಈಜಿಪ್ಟಿನ ದಾಸ್ಯದಿಂದ ಹೊರಟ ಪೂರ್ವಿಕರು ಮರುಭೂಮಿಯಲ್ಲಿ ಗುಡಿಸಲುಗಳಲ್ಲಿ ವಾಸವಾಗಿದ್ದುದನ್ನು ಮುಂದಿನ ಪೀಳಿಗೆಗಳು ಅರಿಯಬೇಕು. ಅದಕ್ಕಾಗಿ 7 ದಿನ ಗುಡಿಸಲಿನಲ್ಲಿ ವಾಸಿಸಬೇಕು ಎಂಬುದು ಅಲ್ಲಿಯ ವಿಧಿ. ಇಲ್ಲಿ ಒಂದು ವಿರೋಧವು ಎದ್ದು ಕಾಣುತ್ತದೆ. ಸುಗ್ಗಿಯು ನೆಲೆಯುಳ್ಳವನ ಹಬ್ಬ. ಅಲೆದಾಟವು ನೆಲೆಯಿಲ್ಲದವನ ನೆನಪು. ತುಂಬಿದ ಕಣಜಕ್ಕೂ ಬಿತ್ತನೆಯಿಲ್ಲದ ಮರುಭೂಮಿಗೂ ಏನು ಸಂಬಂಧ?

ಈ ವಿರೋಧದಲ್ಲಿಯೇ ಹಬ್ಬದ ಸಂಕೇತಾರ್ಥ ಅಡಗಿದೆಯೆಂದು 12ನೆಯ ಶತಮಾನದ ಫ್ರಾನ್ಸಿನ ವ್ಯಾಖ್ಯಾನಕಾರ ಸಮುವೇಲ್ ಬೆನ್ ಮೆಯಿರ್ ವಿವರಿಸಿದ್ದಾನೆ. ಮನೆ ಧಾನ್ಯದಿಂದಲೂ ದ್ರಾಕ್ಷಾರಸದಿಂದಲೂ ಎಣ್ಣೆಯಿಂದಲೂ ತುಂಬಿದ ವೇಳೆಯಲ್ಲಿ, ಇದೆಲ್ಲ ತನ್ನ ತೋಳ್ಬಲದ ಗಳಿಕೆಯೆಂದು ಮನುಷ್ಯನಿಗೆ ಅನ್ನಿಸುವುದು ಸಹಜ. ಅಂಥ ವೇಳೆಯಲ್ಲಿಯೇ ಅವನು ಗಟ್ಟಿ ಮನೆಯನ್ನು ಬಿಟ್ಟು ಹೊರಗೆ ಬಂದು, ಭೂಮಿಯೂ ಮನೆಯೂ ಇಲ್ಲದಿದ್ದ ಹಿರಿಯರಂತೆ ಕೂಡಬೇಕು. ಬಡತನದಲ್ಲಿ ಗುಡಿಸಲು ಸೇರುವುದು ವಿಧಿವಶ. ಸಮೃದ್ಧಿಯಲ್ಲಿ ಸೇರುವುದು ವಿವೇಕ.

ಗುಡಿಸಲಿನ ನಿರ್ಮಾಣಕ್ಕೆ ಧರ್ಮಶಾಸ್ತ್ರವು ಹಾಕಿರುವ ನಿಯಮಗಳೂ ಈ ಅರ್ಥಕ್ಕೆ ಹೊಂದುವಂಥವು. ಅದರ ಎತ್ತರ 20 ಮೊಳವನ್ನು ಮೀರಬಾರದು. ಮೀರಿದರೆ ಅದು ತಾತ್ಕಾಲಿಕ ವಸತಿಯ ಲಕ್ಷಣವನ್ನು ಕಳೆದುಕೊಳ್ಳುತ್ತದೆ. ಮೇಲಿನ ಹೊದಿಕೆಯು ನೆಲದಲ್ಲಿ ಬೆಳೆದು ಕಡಿದು ತಂದ ಸೊಪ್ಪುಸದೆಗಳದ್ದಾಗಿರಬೇಕು. ಒಳಗೆ ಬಿಸಿಲಿಗಿಂತ ನೆರಳು ಹೆಚ್ಚಿರಬೇಕು. ಆದರೂ ಸಂದುಗಳಲ್ಲಿ ನಕ್ಷತ್ರಗಳು ಕಾಣುವಂತಿದ್ದರೆ ಉತ್ತಮ. ಗಾಡಿಯ ಮೇಲೆ ಅಥವಾ ಹಡಗಿನಲ್ಲಿ ಕಟ್ಟಿದ ಗುಡಿಸಲೂ ಸಿಂಧುವೆಂದು ‘ಮಿಶ್ನಾ’ ಗ್ರಂಥವು ಒಪ್ಪಿದೆ. ಈ ಕೊನೆಯ ಅನುಮತಿಯ ಬೆಲೆ ಮುಂದಿನ ಇತಿಹಾಸದಲ್ಲಿ ತಿಳಿಯಿತು.

ಹಬ್ಬದ ಇನ್ನೊಂದು ಅಂಗವು ನಾಲ್ಕು ಸಸ್ಯಗಳದು. ಮಾದಲದ ಹಣ್ಣು, ಇನ್ನೂ ಬಿಚ್ಚದ ಖರ್ಜೂರದ ಗರಿ, ಮಿರ್ಟಲ್ ಎಂಬ ಪರಿಮಳದ ಗಿಡದ 3 ಕಡ್ಡಿ, ಹೊಳೆಯಂಚಿನ ನೀರವಂಜಿಯ 2 ಕಡ್ಡಿ, ಇವನ್ನು ಒಟ್ಟಿಗೆ ಹಿಡಿದು ನಾಲ್ಕು ದಿಕ್ಕಿಗೂ ಮೇಲಕ್ಕೂ ಕೆಳಕ್ಕೂ ಅಲುಗಿಸುತ್ತಾರೆ. ಪ್ರಾಚೀನ ‘ಮಿದ್ರಾಶ್’ ವ್ಯಾಖ್ಯಾನದ ಪ್ರಕಾರ ಮಾದಲಕ್ಕೆ ರುಚಿಯೂ ಉಂಟು, ಪರಿಮಳವೂ ಉಂಟು. ಅದು ಜ್ಞಾನವೂ ಸತ್ಕರ್ಮವೂ ಉಳ್ಳವನ ಸಂಕೇತ. ಖರ್ಜೂರಕ್ಕೆ ರುಚಿ ಮಾತ್ರ, ಮಿರ್ಟಲ್ಲಿಗೆ ಪರಿಮಳ ಮಾತ್ರ. ನೀರವಂಜಿಗೆ ಎರಡೂ ಇಲ್ಲ. ಆದರೆ ನೀರವಂಜಿಯನ್ನು ಬಿಟ್ಟರೆ ವಿಧಿಯೇ ಪೂರ್ತಿಯಾಗುವುದಿಲ್ಲ. ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬುವ ಸಮಾಜದ ಚಿತ್ರವನ್ನು ವ್ಯಾಖ್ಯಾನಕಾರರು ಇದರಲ್ಲಿ ಕಂಡರು. ಹಬ್ಬದ ಊಟದಲ್ಲಿ ಪರದೇಶಿ, ಅನಾಥ, ವಿಧವೆ, ಆಳುಕಾಳು ಎಲ್ಲರೂ ಪಾಲುಗೊಳ್ಳಬೇಕೆಂದು ಧರ್ಮೋಪದೇಶಕಾಂಡವು ವಿಧಿಸಿದೆ. ಬಾಗಿಲಿಕ್ಕಿಕೊಂಡು ತನ್ನವರೊಡನೆ ಮಾತ್ರ ಉಂಡವನ ಸಂತೋಷವು ಹೊಟ್ಟೆಯ ಸಂತೋಷವಷ್ಟೆ ಎಂದು 12ನೆಯ ಶತಮಾನದ ಮೈಮೊನಿಡಿಸನು ಕಟುವಾಗಿಯೇ ಬರೆದಿದ್ದಾನೆ.

ಈ ನಾಲ್ಕು ಸಸ್ಯಗಳೂ ನೀರನ್ನು ಬೇಡುವಂಥವು. ಪ್ಯಾಲೆಸ್ತೀನಿನಲ್ಲಿ ಬೇಸಗೆ ಒಣಗಾಲ; ಮಳೆ ಹಿಡಿಯುವುದು ಈ ಹಬ್ಬದ ತರುವಾಯ. ಜೆರೂಸಲೇಮಿನ ದೇವಾಲಯವಿದ್ದ ಕಾಲದಲ್ಲಿ ಸಿಲೋವಾಮ್ ಕೊಳದಿಂದ ನೀರು ತಂದು ಬಲಿಪೀಠದ ಮೇಲೆ ಎರೆಯುತ್ತಿದ್ದರು. ಹಬ್ಬಕ್ಕೆ ಹೊಂದಿಕೊಂಡು ಬರುವ 8ನೆಯ ದಿನ ಮಳೆಗಾಗಿ ಪ್ರಾರ್ಥಿಸುವ ರೂಢಿ ಇಂದಿಗೂ ಇದೆ. ಆದರೆ ಹಬ್ಬದ ನಡುವೆ ಮಳೆ ಬಂದು ಗುಡಿಸಲಿನಿಂದ ಏಳಬೇಕಾದರೆ ಅದು ಅಪಶಕುನ. ಬಟ್ಟಲು ತುಂಬಿಕೊಡಲು ಬಂದ ಸೇವಕನ ಮುಖಕ್ಕೆ ಒಡೆಯನು ನೀರೆರಚಿದಂತೆ ಎಂದು ಮಿಶ್ನಾ ಅದನ್ನು ಹೋಲಿಸಿದೆ.

ಕ್ರಿ. ಶ. 70ರಲ್ಲಿ ರೋಮನರು ದೇವಾಲಯವನ್ನು ನಾಶಮಾಡಿದರು. ಬಲಿಪೀಠವೂ ಯಾತ್ರೆಯೂ ಇಲ್ಲವಾದುವು. ಅದುವರೆಗೆ ನಾಲ್ಕು ಸಸ್ಯಗಳ ವಿಧಿಯು ದೇವಾಲಯದಲ್ಲಿ 7 ದಿನ, ಉಳಿದೆಡೆ 1 ದಿನ ಮಾತ್ರ ನಡೆಯುತ್ತಿದ್ದಿತು. ದೇವಾಲಯದ ಸ್ಮರಣಾರ್ಥವಾಗಿ ಎಲ್ಲ ಕಡೆಗಳಲ್ಲಿಯೂ 7 ದಿನ ನಡೆಯಲೆಂದು ಯೋಹಾನಾನ್ ಬೆನ್ ಜಕ್ಕಾಯ್ ಎಂಬ ಗುರುವು ಕಟ್ಟಳೆ ಮಾಡಿದನು. ಒಂದು ಸ್ಥಳಕ್ಕೆ ಅಂಟಿಕೊಂಡಿದ್ದ ಹಬ್ಬವು ಹೀಗೆ ಜನರ ಕೈಗೆ ಬಂದಿತು. 132ರಿಂದ 135ರವರೆಗೆ ರೋಮನರ ವಿರುದ್ಧ ದಂಗೆಯೆದ್ದ ಬಾರ್ ಕೋಖ್ಬಾನ ನಾಣ್ಯಗಳಲ್ಲಿ ಖರ್ಜೂರದ ಗರಿಯ ಕಟ್ಟೂ ಮಾದಲದ ಹಣ್ಣೂ ಅಚ್ಚಾಗಿವೆ. ಯಿಗಾಯೆಲ್ ಯಾದಿನ್ ಅವರು 1960–61ರಲ್ಲಿ ಯೂದಾಯದ ಮರುಭೂಮಿಯ ಗುಹೆಯೊಂದನ್ನು ಶೋಧಿಸಿದಾಗ ಅವನ ಪತ್ರಗಳೂ ದೊರೆತುವು. ಅವುಗಳಲ್ಲೊಂದರಲ್ಲಿ ಅವನು 2 ಕತ್ತೆಗಳನ್ನು ಕಳುಹಿಸಿ ಶಿಬಿರಕ್ಕೆ ಈ ನಾಲ್ಕು ಸಸ್ಯಗಳನ್ನು ತರಿಸಲು ಆಜ್ಞೆಮಾಡಿದ್ದಾನೆ. ಯುದ್ಧದ ನಡುವೆಯೂ ಸುಗ್ಗಿಯ ವಿಧಿ ನಿಲ್ಲಲಿಲ್ಲ.

ನಮ್ಮ ನಾಡಿನ ಪಶ್ಚಿಮ ತೀರಕ್ಕೆ ಬಂದರೆ ಇದೇ ಪ್ರಶ್ನೆಗೆ ಮತ್ತೊಂದು ಉತ್ತರ ಕಾಣುತ್ತದೆ. ಕೊಂಕಣದ ಹಳ್ಳಿಗಳಲ್ಲಿ ಎಣ್ಣೆಯ ಗಾಣಗಳನ್ನು ನಡೆಸುತ್ತಿದ್ದ ಬೆನೆ ಇಸ್ರಾಯೇಲ್ ಯೆಹೂದ್ಯರು ಬಹುಕಾಲ ಇತರ ಯೆಹೂದ್ಯರ ಸಂಪರ್ಕದಿಂದ ದೂರವಿದ್ದರು. ತಿಶ್ರಿ ಮಾಸದಲ್ಲಿ ಅವರು ಆಚರಿಸುತ್ತಿದ್ದುದು ‘ಖೀರಿಚಾ ಸಣ’, ಎಂದರೆ ಪಾಯಸದ ಹಬ್ಬ. ಪ್ಯಾಲೆಸ್ತೀನಿನ ದ್ರಾಕ್ಷಿಯ ಜಾಗದಲ್ಲಿ ಕೊಂಕಣದ ಹೊಸ ಅಕ್ಕಿ ಬಂದು ನಿಂತಿತು. ಮುಂಬಯಿಯಲ್ಲಿ ಅವರ ಮೊದಲ ಪ್ರಾರ್ಥನಾಮಂದಿರವು ಸ್ಥಾಪನೆಯಾದುದು 1796ರಲ್ಲಿ. ಅದನ್ನು ಕಟ್ಟಿಸಿದ ಸಮುವೇಲ್ ದಿವೇಕರ್ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೆರೆಯಲ್ಲಿದ್ದು ಬಿಡುಗಡೆ ಹೊಂದಿದ ಸೈನಿಕನೆಂದು ಆ ಸಮುದಾಯದ ಪರಂಪರೆ ಹೇಳುತ್ತದೆ. ಕ್ರಮೇಣ ಸುಕ್ಕೋತಿನ ಗುಡಿಸಲೂ ಅವರ ಮಂದಿರದ ಅಂಗಳಗಳಿಗೆ ಬಂದಿತು. ಮುಂಬಯಿಯಲ್ಲಿ ಮುಂಗಾರು ಹಿಂದೆ ಸರಿಯುವ ದಿನಗಳಲ್ಲಿ ಅವರು ಮಳೆಗಾಗಿ ಪ್ರಾರ್ಥಿಸುತ್ತಾರೆ. ಆ ಪ್ರಾರ್ಥನೆಯು ಕಾಲಿನಡಿಯ ನೆಲದ ಋತುವನ್ನು ಅನುಸರಿಸದೆ ಸ್ಮೃತಿಯಲ್ಲಿರುವ ನೆಲದ ಋತುವನ್ನು ಅನುಸರಿಸಿದೆ.

ಪರಸ್ಥಳದಲ್ಲಿ ಹಬ್ಬ ಬದುಕುವ ದಾರಿಗಳು ಈ ಎರಡು: ಹೊಸ ನೆಲದ ಧಾನ್ಯವನ್ನು ಹಳೆಯ ತಿಂಗಳಿಗೆ ಹೊಂದಿಸುವುದು ಒಂದು, ಹಳೆಯ ನೆಲದ ಮಳೆಯನ್ನು ಹೊಸ ಆಕಾಶದ ಕೆಳಗೆ ಬೇಡುವುದು ಇನ್ನೊಂದು. ದಸರೆಯ ಬನ್ನಿಯನ್ನೂ ಯುಗಾದಿಯ ಬೇವನ್ನೂ ಪೇಟೆಯಲ್ಲಿ ಕೊಂಡು ತರುವ ಹೊರನಾಡ ಕನ್ನಡಿಗರಿಗೆ ಇವೆರಡೂ ಅಪರಿಚಿತವಲ್ಲ. ಒಂದರಲ್ಲಿ ರುಚಿ ಉಳಿಯುತ್ತದೆ, ಮತ್ತೊಂದರಲ್ಲಿ ನೆನಪು ಉಳಿಯುತ್ತದೆ. ಬೆನೆ ಇಸ್ರಾಯೇಲರು ಎರಡನ್ನೂ ಕೂಡಿಸಿಕೊಂಡರು. ವರ್ಷಕ್ಕೊಮ್ಮೆ ಕಟ್ಟಿ, 7 ದಿನ ವಾಸಿಸಿ, ಬಿಚ್ಚಿಡುವ ಆ ಗುಡಿಸಲು ಎರಡು ಸಾವಿರ ವರ್ಷಗಳಿಗೂ ಮೀರಿ ಬಾಳಿತು. ಕಲ್ಲಿನಲ್ಲಿ ಕಟ್ಟಿದ ದೇವಾಲಯ ಬಾಳಲಿಲ್ಲ.