ಮೂಗು ಮುಚ್ಚಿದರೆ ಸ್ಟ್ರಾಬೆರಿ ಮಾಯ

ಸ್ಟ್ರಾಬೆರಿ ಹರ್ಬಲ್ ಟೀ ಡಬ್ಬಿಯ ಮುಚ್ಚಳ ತೆಗೆದರೆ ಸಾಕು, ಅಡುಗೆಮನೆ ತುಂಬ ಹಣ್ಣಿನ ಘಮ. ಆದರೆ ಕುದಿನೀರು ಸುರಿದು, ಐದು ನಿಮಿಷ ಕಾದು, ಆಸೆಯಿಂದ ಒಂದು ಗುಟುಕು ಕುಡಿದಾಗ ನಾಲಿಗೆಗೆ ಸಿಗುವುದು ಬರೀ ಹುಳಿ, ಅದರ ಬೆನ್ನಿಗೇ ತುಸು ಒಗರು. ಸಿಹಿಯ ಸುಳಿವೇ ಇಲ್ಲ. "ವಾಸನೆ ಚೆನ್ನಾಗಿದೆ, ರುಚಿ ಮಾತ್ರ ಏನೂ ಇಲ್ಲ" ಎಂದು ಎಷ್ಟೋ ಮನೆಗಳಲ್ಲಿ ಡಬ್ಬಿ ಕಪಾಟಿನ ಹಿಂದಿನ ಸಾಲಿಗೆ ಸರಿಯುವುದು ಈ ಗುಟುಕಿನ ನಂತರವೇ.

ಡಬ್ಬಿಯನ್ನು ಸರಿಸುವ ಮೊದಲು ಒಂದು ಸಣ್ಣ ಪ್ರಯೋಗ ಮಾಡಬಹುದು. ಎರಡು ಬೆರಳಿನಿಂದ ಮೂಗನ್ನು ಒತ್ತಿ ಹಿಡಿದು ಅದೇ ಟೀಯನ್ನು ಇನ್ನೊಂದು ಗುಟುಕು ಕುಡಿಯಬೇಕು. ಈಗ ಸ್ಟ್ರಾಬೆರಿಯೂ ಇಲ್ಲ, ಹೂವೂ ಇಲ್ಲ. ಹುಣಸೆಹಣ್ಣು ಕಿವುಚಿದ ನೀರಿನಂಥ ಹುಳಿಯಷ್ಟೇ ಉಳಿಯುತ್ತದೆ. ನುಂಗಿದ ಮೇಲೆ ಬೆರಳು ತೆಗೆದು ಮೆಲ್ಲಗೆ ಉಸಿರು ಬಿಟ್ಟರೆ, ಕಳೆದುಹೋದ ಹಣ್ಣು ಗಂಟಲಿನ ಹಿಂದಿನಿಂದ ಎದ್ದು ಬರುತ್ತದೆ.

ನಾಲಿಗೆ ಗುರುತಿಸುವ ಮೂಲರುಚಿಗಳು ಐದೇ: ಸಿಹಿ, ಹುಳಿ, ಉಪ್ಪು, ಕಹಿ ಮತ್ತು ಉಮಾಮಿ. ಕೊನೆಯದನ್ನು 1908ರಲ್ಲಿ ಜಪಾನಿನ ಕಿಕುನೇ ಇಕೆಡಾ ಸಮುದ್ರಪಾಚಿಯ ಸಾರಿನಲ್ಲಿ ಗುರುತಿಸಿ ಹೆಸರಿಟ್ಟರು. ಏಲಕ್ಕಿ, ತುಳಸಿ, ನಿಂಬೆ, ವೆನಿಲ್ಲಾ ಎಂದು ನಾವು ಹೆಸರಿಸುವ 'ರುಚಿ'ಗಳ ಬಹುಪಾಲು ಮೂಗಿನದು. ಬಾಯಲ್ಲಿ ಬಿಸಿಯಾಗಿರುವ ದ್ರವದಿಂದ ಎದ್ದ ಆವಿ, ಉಸಿರು ಬಿಡುವಾಗ ಗಂಟಲಿನ ಹಿಂಬಾಗಿಲಿನಿಂದ ಮೂಗಿಗೆ ಏರುತ್ತದೆ. ಅಲ್ಲಿ ಅದನ್ನು ಹಿಡಿಯುವ ಗ್ರಾಹಕಗಳಲ್ಲಿ ಸುಮಾರು 400 ಬಗೆಗಳಿವೆ. ಈ ಗ್ರಾಹಕಗಳ ವಂಶವಾಹಿಗಳನ್ನು ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ 1991ರಲ್ಲಿ ಪತ್ತೆಹಚ್ಚಿದರು. 2004ರಲ್ಲಿ ಅವರಿಗೆ ನೊಬೆಲ್ ಬಂತು. ಟೀ ಕಂಪನಿಗಳ ರುಚಿಗಾರರು ಚಮಚದಲ್ಲಿ ಟೀ ತೆಗೆದು 'ಸುರ್‍ರ್' ಎಂದು ಜೋರಾಗಿ ಎಳೆದುಕೊಳ್ಳುವುದೂ ಈ ಆವಿಯನ್ನು ಮೂಗಿಗೆ ಏರಿಸಲೆಂದೇ. ದ್ರವ ಸಣ್ಣ ಹನಿಗಳಾಗಿ ಬಾಯಿತುಂಬ ಚಿಮ್ಮಿದಷ್ಟೂ ಆ ಹಿಂಬಾಗಿಲಿಗೆ ಪರಿಮಳ ಹೆಚ್ಚು ತಲುಪುತ್ತದೆ. ಮನೆಯಲ್ಲಿ ರುಚಿ ನೋಡಲು ಕೂತಾಗ ಸದ್ದಿಗೆ ಸಂಕೋಚಪಡಬೇಕಿಲ್ಲ.

ಪೊಟ್ಟಣದಲ್ಲಿ ಪುಂಡಿ

ಹಾಗಾದರೆ ಆ ಹುಳಿ ಎಲ್ಲಿಯದು? ಹಣ್ಣಿನ ಹೆಸರಿನ ಹರ್ಬಲ್ ಟೀಗಳ ಹಿಂಬದಿಯ ಪಟ್ಟಿ ಓದಿದರೆ ಮೊದಲ ಸಾಲಿನಲ್ಲೇ ಅನೇಕ ಸಲ 'ಹೈಬಿಸ್ಕಸ್' ಇರುತ್ತದೆ. ಇದು ದೇವರಿಗೆ ಏರಿಸುವ ದಾಸವಾಳವಲ್ಲ. ಅದೇ ಕುಲದ, ಉತ್ತರ ಕರ್ನಾಟಕದವರು ಪಲ್ಯ ಮಾಡಿ ರೊಟ್ಟಿಯೊಂದಿಗೆ ತಿನ್ನುವ ಪುಂಡಿಯ ಬಳಗಕ್ಕೆ ಸೇರಿದ ಗಿಡ. ಹೂ ಉದುರಿದ ಮೇಲೆ ಕಾಯನ್ನು ಸುತ್ತಿಕೊಂಡು ದಪ್ಪಗಾಗುವ ಕೆಂಪು ಪುಷ್ಪಪಾತ್ರೆಯನ್ನು ಒಣಗಿಸಿ ಟೀಗೆ ಬಳಸುತ್ತಾರೆ. ಸಿಟ್ರಿಕ್, ಮಾಲಿಕ್ ಮೊದಲಾದ ಆಮ್ಲಗಳು ಅದರಲ್ಲಿ ಧಾರಾಳ. ಮಾಣಿಕ್ಯದಂಥ ಬಣ್ಣ ಕೊಡುವುದು ಆಂಥೋಸಯನಿನ್. ಶಂಖಪುಷ್ಪದ ನೀಲಿಗೂ ಇದೇ ವರ್ಗದ ವರ್ಣದ್ರವ್ಯವೇ ಕಾರಣ. ಆ ನೀಲಿ ಟೀಗೆ ನಾಲ್ಕು ಹನಿ ನಿಂಬೆರಸ ಹಿಂಡಿದರೆ ಆಮ್ಲೀಯತೆ ಹೆಚ್ಚಿ, ಕಣ್ಣೆದುರೇ ನೇರಳೆಗೆ ತಿರುಗುತ್ತದೆ.

ಸ್ಟ್ರಾಬೆರಿಯ ಘಮ ಹೆಚ್ಚಾಗಿ ಬರುವುದು ಹಣ್ಣಿನ ಒಣ ತುಣುಕಿನಿಂದಲ್ಲ, ಸೇರಿಸಿದ ಸುವಾಸನಾ ಪದಾರ್ಥದಿಂದ. 'ನೈಸರ್ಗಿಕ', 'ನಿಸರ್ಗ ಸಮಾನ', 'ಕೃತಕ' ಎಂಬ ಪದಗಳು ಪೊಟ್ಟಣದ ಮೇಲೆ ಕಾಣಸಿಗುತ್ತವೆ. ನಿಸರ್ಗ ಸಮಾನ ಎಂದರೆ ಗಿಡದಲ್ಲಿರುವ ಅಣುವನ್ನೇ ಕಾರ್ಖಾನೆಯಲ್ಲಿ ತಯಾರಿಸಿದ್ದು ಎಂದರ್ಥ. ಹಿತ್ತಿಲ ಮಜ್ಜಿಗೆ ಹುಲ್ಲಿನ ನಿಂಬೆಘಮಕ್ಕೆ ಕಾರಣವಾದ ಸಿಟ್ರಾಲ್, ಕಾರ್ಖಾನೆಯಲ್ಲಿ ತಯಾರಾದರೂ ಸಿಟ್ರಾಲೇ. ವ್ಯತ್ಯಾಸ ಇರುವುದು ಜೊತೆಗಾರರಲ್ಲಿ. ಹುಲ್ಲಿನಲ್ಲಿ ಸಿಟ್ರಾಲ್ ಜೊತೆ ಇನ್ನೂ ಹತ್ತಾರು ಪರಿಮಳಗಳಿರುತ್ತವೆ, ಒಂದರ ಹಿಂದೆ ಒಂದು ತಲೆಯೆತ್ತುತ್ತವೆ. ಒಂದೆರಡೇ ಅಣುಗಳಿರುವ ಟೀ ಮೊದಲ ಗುಟುಕಿಗೆ ಅಬ್ಬರಿಸಿ, ನಾಲ್ಕನೆಯ ಗುಟುಕಿಗೆ ಸಪ್ಪೆ ಎನಿಸಬಹುದು.

ಹಣ್ಣಿನ ಘಮ ನಿರಾಸೆ ತರುವುದಕ್ಕೂ ಕಾರಣವಿದೆ. ಸ್ಟ್ರಾಬೆರಿ ವಾಸನೆಯೂ ಸಿಹಿಯೂ ನಮ್ಮ ಅನುಭವದಲ್ಲಿ ಸದಾ ಜೋಡಿಯಾಗಿ ಬಂದಿವೆ, ಮಿದುಳು ಅವನ್ನು ಗಂಟುಹಾಕಿ ಇಟ್ಟುಕೊಂಡಿದೆ. 1988ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸಿಹಿ ಕೆನೆಗೆ ಸ್ಟ್ರಾಬೆರಿ ವಾಸನೆ ಸೇರಿಸಿದಾಗ ಅದು ಮೊದಲಿಗಿಂತ ಸಿಹಿಯೆನಿಸಿತು. ಕಡಲೆಕಾಯಿ ಬೆಣ್ಣೆಯ ವಾಸನೆ ಸೇರಿಸಿದಾಗ ಹಾಗಾಗಲಿಲ್ಲ. ಅಂದರೆ ಈ ಘಮ ಇದ್ದ ಸಿಹಿಯನ್ನು ಎತ್ತಿ ತೋರಿಸುತ್ತದೆ. ಸಕ್ಕರೆಯೇ ಇಲ್ಲದ ಹುಳಿಟೀಯಲ್ಲಿ ಎತ್ತಿ ತೋರಿಸಲು ಏನೂ ಇರುವುದಿಲ್ಲ. ಅರ್ಧ ಚಮಚ ಜೇನು ಹಾಕಿ ನೋಡಿದರೆ ಅದೇ ಟೀಯಲ್ಲಿ ಹಣ್ಣು ಕಾಣಿಸಿಕೊಳ್ಳುತ್ತದೆ.

ಒಗರು, ಖಾರ, ತಂಪು

ಮೂಗು, ನಾಲಿಗೆಗಳ ಜೊತೆ ಮೂರನೆಯ ಸಾಕ್ಷಿಯೂ ಇದೆ, ಅದು ಬಾಯೊಳಗಿನ ಚರ್ಮ. ನಮ್ಮ ಹಿರಿಯರ ಷಡ್ರಸಗಳ ಪಟ್ಟಿಯಲ್ಲಿ ಕಟು ಎಂದರೆ ಖಾರ, ಕಷಾಯ ಎಂದರೆ ಒಗರು. ಕುಡಿಯುವ ಕಷಾಯಕ್ಕೂ ಆ ರಸಕ್ಕೂ ಹೆಸರು ಒಂದೇ. ಇಂದಿನ ವಿಜ್ಞಾನ ಇವೆರಡನ್ನೂ ರುಚಿಯ ಸಾಲಿನಿಂದ ತೆಗೆದು ಸ್ಪರ್ಶದ ಸಾಲಿಗೆ ಸೇರಿಸಿದೆ.

ಎಳೆ ಬಾಳೆಕಾಯಿ ಕಚ್ಚಿದಾಗ ನಾಲಿಗೆ ದೊರಗಾಗುವುದು ಎಲ್ಲರಿಗೂ ಗೊತ್ತು. ಬಾಳೆಕಾಯಿಯಲ್ಲೂ ಟೀಯಲ್ಲೂ ಇರುವ ಟ್ಯಾನಿನ್ ಎಂಬ ಒಗರು ಪದಾರ್ಥಗಳು ಎಂಜಲಿನಲ್ಲಿರುವ ಪ್ರೋಟೀನುಗಳನ್ನು ಹಿಡಿದು ಗಂಟುಕಟ್ಟಿಸುತ್ತವೆ. ಬಾಯಿಯನ್ನು ಜಾರುವಂತೆ ಇಟ್ಟಿದ್ದ ಪದರ ಹೋಗಿ, ಕೆನ್ನೆಯ ಒಳಭಾಗ ನಾಲಿಗೆಗೆ ತರಿತರಿಯಾಗಿ ತಾಕುತ್ತದೆ. ಟೀಗೆ ಹಾಲು ಹಾಕಿದರೆ ಒಗರು ಕಡಿಮೆಯಾಗುವುದೂ ಇದೇ ಲೆಕ್ಕದಲ್ಲಿ: ಟ್ಯಾನಿನ್‌ಗಳಲ್ಲಿ ಒಂದಷ್ಟು ಹಾಲಿನ ಪ್ರೋಟೀನಿಗೇ ಅಂಟಿಕೊಂಡುಬಿಡುತ್ತವೆ.

ಶುಂಠಿಯ ಜಿಂಜೆರಾಲ್ ತಾಗುವುದು ಸುಡುವ ಬಿಸಿಯನ್ನು ಗುರುತಿಸುವ ನರದ ಗ್ರಾಹಕಕ್ಕೆ. ಶುಂಠಿ ಒಣಗುವಾಗ ಜಿಂಜೆರಾಲ್‌ನ ಒಂದು ಪಾಲು ಇನ್ನೂ ಖಾರವಾದ ಶೋಗಾಲ್ ಆಗುತ್ತದೆ. ಒಣಶುಂಠಿಯ ಕಷಾಯ ಗಂಟಲನ್ನು ಹೆಚ್ಚು ಸುಡುವುದು ಹೀಗೆ. ಪೆಪ್ಪರ್‌ಮಿಂಟ್‌ನ ಮೆಂಥಾಲ್ ಇದಕ್ಕೆ ಎದುರಾಗಿ ತಂಪಿನ ಗ್ರಾಹಕವನ್ನು ತಟ್ಟುತ್ತದೆ. ಹಾಗಾಗಿ ಹೊಗೆಯಾಡುವ ಟೀ ಕುಡಿದು ಉಸಿರೆಳೆದರೂ ಬಾಯಿ ತಣ್ಣಗೆನಿಸುತ್ತದೆ. ಬಿಸಿ ಮತ್ತು ಸ್ಪರ್ಶದ ಗ್ರಾಹಕಗಳ ಶೋಧನೆಗಾಗಿ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ 2021ರ ನೊಬೆಲ್ ಹಂಚಿಕೊಂಡರು.

ನಮ್ಮ ಮಾರುಕಟ್ಟೆಯ ಪುದೀನ ಸಾಮಾನ್ಯವಾಗಿ ಸ್ಪಿಯರ್‌ಮಿಂಟ್ ಜಾತಿಯದು. ಅದರ ಮುಖ್ಯ ಪರಿಮಳ ಮೆಂಥಾಲ್ ಅಲ್ಲ, ಕಾರ್ವೋನ್. ಪುದೀನ ಸೊಪ್ಪು ಹಾಕಿದ ಟೀಯಲ್ಲಿ ಪೊಟ್ಟಣದ ಪೆಪ್ಪರ್‌ಮಿಂಟ್‌ನ ತಂಪು ಸಿಗಲಿಲ್ಲವೆಂದರೆ ಸೊಪ್ಪಿನ ತಪ್ಪಲ್ಲ. ಈ ಕಾರ್ವೋನ್‌ಗೆ ಬಲಗೈ–ಎಡಗೈಗಳಂತೆ ಎರಡು ರೂಪಗಳಿವೆ, ಒಂದು ಇನ್ನೊಂದರ ಕನ್ನಡಿಬಿಂಬ. ಒಂದು ರೂಪ ಪುದೀನದ ಘಮ ಕೊಟ್ಟರೆ ಇನ್ನೊಂದು ಸಬ್ಬಸಿಗೆ ಬೀಜದಲ್ಲಿರುವಂಥ ಘಮ ಕೊಡುತ್ತದೆ. ಅವೇ ಪರಮಾಣುಗಳು, ಅಷ್ಟೇ ಸಂಖ್ಯೆಯಲ್ಲಿ. ಅಷ್ಟಾದರೂ ಮೂಗು ಎರಡನ್ನೂ ಬೇರೆಬೇರೆಯಾಗಿ ಗುರುತಿಸುತ್ತದೆ.

ಅಳತೆಯ ಕೆಲಸ

ಎರಡು ಟೀಗಳನ್ನು ಹೋಲಿಸಬೇಕಾದರೆ ಎರಡನ್ನೂ ಒಂದೇ ಕ್ರಮದಲ್ಲಿ ಮಾಡಬೇಕು. ರುಚಿಪರೀಕ್ಷೆಗೆ ಟೀ ಮಾಡುವ ಕ್ರಮಕ್ಕೆ ಅಂತರರಾಷ್ಟ್ರೀಯ ಮಾನಕವೇ ಇದೆ, ಐಎಸ್‌ಒ 3103. ನೂರು ಮಿಲಿಲೀಟರ್ ನೀರಿಗೆ 2 ಗ್ರಾಂ ಎಲೆ, ಕುದಿಯುವ ನೀರು, 6 ನಿಮಿಷ, ಪಿಂಗಾಣಿ ಪಾತ್ರೆ. ಇದರ ಹಿಂದಿನ ಆರು ಪುಟಗಳ ಬ್ರಿಟಿಷ್ ಮಾನಕಕ್ಕೆ 1999ರಲ್ಲಿ ನಗಿಸಿ ಯೋಚನೆಗೆ ಹಚ್ಚುವ ಇಗ್ ನೊಬೆಲ್ ಸಾಹಿತ್ಯ ಪ್ರಶಸ್ತಿ ಸಿಕ್ಕಿತು. ಈ ಕ್ರಮದಲ್ಲಿ ಮಾಡಿದ ಟೀ ಕುಡಿಯಲು ಗಡಸಾದರೂ ಗುಣದೋಷ ಎದ್ದು ಕಾಣಲು ಸರಿಯಾಗಿದೆ. ಮನೆಯಲ್ಲಿ ಒಂದು ಸಣ್ಣ ತಕ್ಕಡಿ, ಫೋನಿನ ಗಡಿಯಾರ, ಒಂದೇ ಬಗೆಯ ಬಿಳಿ ಕಪ್ಪುಗಳು ಇದ್ದರೆ ಸಾಕು.

ಯಾವುದನ್ನು ನೆನೆಸಬೇಕು, ಯಾವುದನ್ನು ಕುದಿಸಬೇಕು ಎಂಬುದನ್ನು ಆಯುರ್ವೇದ ಎಂದೋ ಬೇರ್ಪಡಿಸಿದೆ. ಬಿಸಿನೀರಿನಲ್ಲಿ ನೆನೆಸಿ ಸೋಸಿದ್ದು ಫಾಂಟ, ತಣ್ಣೀರಿನಲ್ಲಿ ನೆನೆಸಿದ್ದು ಹಿಮ, ಕುದಿಸಿ ಬತ್ತಿಸಿದ್ದು ಕ್ವಾಥ. ತುಳಸಿ, ಕ್ಯಾಮೊಮೈಲ್‌ನಂಥ ಮೆದು ಎಲೆ–ಹೂಗಳು ಫಾಂಟಕ್ಕೆ ಸರಿ. ಕುದಿಸಿದರೆ ಘಮವೆಲ್ಲ ಆವಿಯಾಗಿ ಹೋಗುತ್ತದೆ. ಬೇರು, ತೊಗಟೆಗಳು ಕುದಿಯದೆ ಬಿಟ್ಟುಕೊಡುವುದಿಲ್ಲ. ನೆನೆಸುವಾಗ ತಟ್ಟೆ ಮುಚ್ಚುವುದನ್ನು ಮರೆಯಬಾರದು. ಐದು ನಿಮಿಷದ ಮೇಲೆ ತಟ್ಟೆಯನ್ನು ಮಗುಚಿ ಅಡಿಯ ಹನಿಗಳನ್ನು ಮೂಸಿದರೆ ಗೊತ್ತಾಗುತ್ತದೆ: ಹುಳಿಯಿಲ್ಲ, ಬಣ್ಣವಿಲ್ಲ, ಕಪ್ಪಿನಿಂದ ಎದ್ದ ಘಮ ಮಾತ್ರ ಅಲ್ಲಿ ಮುತ್ತುಗಟ್ಟಿರುತ್ತದೆ.

ಹೆಸರು ಮುಚ್ಚಿ ಕುಡಿಯುವುದು

ಇಷ್ಟೆಲ್ಲ ಎಚ್ಚರವಹಿಸಿದರೂ ಕಣ್ಣು ದಾರಿತಪ್ಪಿಸುತ್ತದೆ. ಫ್ರಾನ್ಸಿನ ಬೋರ್ಡೊದಲ್ಲಿ ವೈನ್ ಶಾಸ್ತ್ರ ಓದುತ್ತಿದ್ದ 54 ಮಂದಿಗೆ ಬಿಳಿ ವೈನನ್ನು ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಡಲಾಯಿತು. ಅವರು ಅದರ ಪರಿಮಳವನ್ನು ಕೆಂಪು ವೈನಿಗೆ ಬಳಸುವ ಪದಗಳಲ್ಲೇ ಬಣ್ಣಿಸಿದರು. 2001ರಲ್ಲಿ ಪ್ರಕಟವಾದ ಈ ಪ್ರಯೋಗ ಕೆಂಪು ಟೀಗೂ ಎಚ್ಚರಿಕೆಯೇ. ಅದಕ್ಕೇ ಪರೀಕ್ಷಾಲಯಗಳಲ್ಲಿ ಹೆಸರು ಮರೆಮಾಡಿ, ಕಪ್ಪಿಗೆ 417, 862 ಎಂಬಂಥ ಮೂರಂಕಿಯ ಗುರುತು ಹಾಕುತ್ತಾರೆ. 1, 2 ಎಂದು ಬರೆದರೆ ಮೊದಲನೆಯದು ಮೇಲು ಎಂಬ ಭಾವ ಮನಸ್ಸಿಗೆ ನುಸುಳುತ್ತದೆ.

ಹೆಸರು ಮುಚ್ಚಿದ ಪರೀಕ್ಷೆಗಳಲ್ಲೆಲ್ಲ ಪ್ರಸಿದ್ಧವಾದದ್ದು ಒಂದು ಟೀ ಪ್ರಸಂಗ. 1920ರ ದಶಕದಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಪಾಚಿ ವಿಜ್ಞಾನಿ ಮ್ಯೂರಿಯಲ್ ಬ್ರಿಸ್ಟಲ್, ಕಪ್ಪಿಗೆ ಹಾಲು ಮೊದಲು ಹಾಕಿದ್ದೋ ಟೀ ಮೊದಲು ಹಾಕಿದ್ದೋ ಎಂದು ತಾನು ಕುಡಿದು ಹೇಳಬಲ್ಲೆ ಎಂದರು. ಜೊತೆಗಿದ್ದ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಅದನ್ನು ಪರೀಕ್ಷಿಸುವ ಬಗೆಯನ್ನು ಯೋಚಿಸಿದರು. ಎಂಟು ಕಪ್ಪು, ನಾಲ್ಕು ಹಾಗೆ, ನಾಲ್ಕು ಹೀಗೆ, ಕ್ರಮ ಕಲಸುಮೇಲೋಗರ. ಎಂಟರಲ್ಲಿ ನಾಲ್ಕನ್ನು 70 ಬಗೆಯಲ್ಲಿ ಆರಿಸಬಹುದು, ಆದ್ದರಿಂದ ಬರೀ ಊಹೆಯಿಂದ ಎಲ್ಲವೂ ಸರಿಯಾಗುವ ಸಾಧ್ಯತೆ ಎಪ್ಪತ್ತರಲ್ಲಿ ಒಂದು. 1935ರ ತಮ್ಮ ಪುಸ್ತಕದಲ್ಲಿ ಫಿಶರ್ ಇದನ್ನೇ ಉದಾಹರಣೆಯಾಗಿಟ್ಟು ಪ್ರಯೋಗ ವಿನ್ಯಾಸದ ತರ್ಕವನ್ನು ವಿವರಿಸಿದರು. ಹೂವಿನಹಡಗಲಿಯಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ 1948ರಲ್ಲಿ ಕೇಂಬ್ರಿಜ್‌ನಲ್ಲಿ ಡಾಕ್ಟರೇಟ್ ಪಡೆದದ್ದು ಈ ಫಿಶರ್ ಮಾರ್ಗದರ್ಶನದಲ್ಲೇ.

ಮನೆಗೆ ಇನ್ನೂ ಸುಲಭವಾದದ್ದು ತ್ರಿಕೋನ ಪರೀಕ್ಷೆ. ಒಬ್ಬರು ಒಳಗೆ ಮೂರು ಕಪ್ಪು ತುಂಬಬೇಕು, ಎರಡರಲ್ಲಿ ಒಂದೇ ಟೀ, ಮೂರನೆಯದರಲ್ಲಿ ಬೇರೆ. ಹೊರಗೆ ಕೂತವರು ಬೇರೆಯಾದದ್ದನ್ನು ಗುರುತಿಸಬೇಕು. ಊಹಿಸಿ ಹೇಳಿದರೆ ಗೆಲ್ಲುವ ಸಾಧ್ಯತೆ ಮೂರರಲ್ಲಿ ಒಂದು. ಸತತ ಮೂರು ಸಲ ಗೆಲ್ಲುವ ಸಾಧ್ಯತೆ 27ರಲ್ಲಿ ಒಂದೇ. ದುಬಾರಿ ತುಳಸಿ ಪೊಟ್ಟಣಕ್ಕೂ ಹಿತ್ತಿಲ ತುಳಸಿಗೂ ನಿಜವಾಗಿ ವ್ಯತ್ಯಾಸ ತಿಳಿಯುತ್ತದೆಯೇ ಎಂದು ಒಂದು ಭಾನುವಾರದ ಸಂಜೆಯಲ್ಲಿ ಪತ್ತೆಯಾಗುತ್ತದೆ. ನಡುನಡುವೆ ಉಗುರುಬೆಚ್ಚಗಿನ ನೀರು, ಉಪ್ಪಿಲ್ಲದ ಒಂದೆರಡು ಅನ್ನದ ಅಗುಳು ಬಾಯಿ ತೊಳೆಯಲು ಸಾಕು. ಊದುಬತ್ತಿ ಹಚ್ಚಿದ ಕೋಣೆಯಲ್ಲಿ ಸ್ವಲ್ಪ ಹೊತ್ತು ಕೂತರೆ ಅದರ ವಾಸನೆ ತಿಳಿಯದಾಗುವಂತೆ, ಸಾಲುಸಾಲಾಗಿ ಮೂಸಿದ ಮೂಗೂ ದಣಿಯುತ್ತದೆ. ಒಮ್ಮೆಗೆ ಐದಾರು ಕಪ್ಪು ಮೀರದಿದ್ದರೆ ಒಳ್ಳೆಯದು.

ಬರೆದಿಡುವಾಗ 'ಚೆನ್ನಾಗಿದೆ' ಎಂಬ ಮಾತು ಉಪಯೋಗಕ್ಕೆ ಬಾರದು. ಬಣ್ಣ, ಮೂಗಿಗೆ ಹಿಡಿದಾಗಿನ ಘಮ, ನಾಲಿಗೆಯ ರುಚಿ, ಬಾಯಿಯ ಸ್ಪರ್ಶ, ನುಂಗಿ ಒಂದು ನಿಮಿಷದ ಮೇಲೆ ಉಳಿದದ್ದು ಎಂದು ಐದು ಕಲಂ ಎಳೆದು, ಪರಿಚಿತ ವಸ್ತುಗಳಿಗೆ ಹೋಲಿಸಿ ಬರೆಯಬೇಕು: ಒಣಹುಲ್ಲು, ಮಳೆ ಬಿದ್ದ ಮಣ್ಣು, ಹಲಸಿನ ತೊಳೆ, ಹುರಿದ ಕೊತ್ತಂಬರಿ. ಮನೆಯವರ ಟಿಪ್ಪಣಿಗಳು ಹೊಂದದಿದ್ದರೆ ಯಾರೂ ಸುಳ್ಳು ಹೇಳುತ್ತಿದ್ದಾರೆಂದಲ್ಲ. 1931ರಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞ ಆರ್ಥರ್ ಫಾಕ್ಸ್ ಪಿಟಿಸಿ ಎಂಬ ಪುಡಿಯನ್ನು ಬಾಟಲಿಗೆ ಸುರಿಯುವಾಗ ದೂಳು ಹಾರಿತು. ಪಕ್ಕದಲ್ಲಿದ್ದ ಸಹೋದ್ಯೋಗಿ ಬಾಯೆಲ್ಲ ಕಹಿ ಎಂದರೆ ಫಾಕ್ಸ್‌ಗೆ ಏನೂ ತಿಳಿಯಲಿಲ್ಲ. ಆ ಕಹಿ ತಿಳಿಯುವುದು, ತಿಳಿಯದಿರುವುದು ಬಹುಮಟ್ಟಿಗೆ ಒಂದು ವಂಶವಾಹಿಯ ವ್ಯತ್ಯಾಸ ಎಂದು ಮುಂದೆ ಸ್ಪಷ್ಟವಾಯಿತು. ಒಂದೇ ಕಷಾಯ ಅಣ್ಣನಿಗೆ ಹಿತವಾಗಿ ತಂಗಿಗೆ ಅಸಹನೀಯ ಕಹಿಯೆನಿಸಿದರೆ ಇಬ್ಬರೂ ಸರಿ.

ಒಂದೆರಡು ಎಚ್ಚರಿಕೆಗಳೂ ಬೇಕು. 65 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾದ ಪಾನೀಯಗಳನ್ನು ಕ್ಯಾನ್ಸರ್ ಕುರಿತ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ 2016ರಲ್ಲಿ 'ಬಹುಶಃ ಕ್ಯಾನ್ಸರ್‌ಕಾರಕ' ವರ್ಗಕ್ಕೆ ಸೇರಿಸಿದೆ. ಆರಿದ ಮೇಲೆ ಕುಡಿಯುವುದು ಗಂಟಲಿಗೂ ಕ್ಷೇಮ, ಪರಿಮಳವೂ ಬಿಡಿಬಿಡಿಯಾಗಿ ತಿಳಿಯುತ್ತದೆ. ಸಕ್ಕರೆಯಿಲ್ಲದ ಟೀ ಸಿಹಿಯಾಗಿ, ಆ ಸಿಹಿ ಬಹಳ ಹೊತ್ತು ನಿಂತರೆ ಅದರಲ್ಲಿ ಜ್ಯೇಷ್ಠಮಧು ಇರಬಹುದು. ದಿನವೂ ಹೆಚ್ಚು ಕುಡಿದರೆ ಅದು ರಕ್ತದೊತ್ತಡ ಏರಿಸುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ. ಸೇವಂತಿಗೆ ಬಳಗದ ಹೂಗಳಿಗೆ ಅಲರ್ಜಿ ಇರುವವರು ಅದೇ ಕುಟುಂಬದ ಕ್ಯಾಮೊಮೈಲನ್ನು ದೂರ ಇಡಬೇಕು. ಔಷಧಿ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಬೇಕು.

ಪರೀಕ್ಷೆಯ ಸಾಲಿನಲ್ಲಿ ಕೊನೆಯ ಕಪ್ಪಿಗೆ ಮನೆಯ ಕಷಾಯವನ್ನೇ ತುಂಬಬಹುದು. ಹುರಿದ ಕೊತ್ತಂಬರಿ, ಜೀರಿಗೆ, ನಾಲ್ಕು ಕಾಳುಮೆಣಸು, ಒಣಶುಂಠಿ, ಬೆಲ್ಲ, ಮೇಲೆ ಹಾಲು. ಐದು ಕಲಂಗಳಲ್ಲಿ ಒಂದೂ ಖಾಲಿ ಉಳಿಯುವುದಿಲ್ಲ: ಹುರಿಯುವಾಗ ಹುಟ್ಟಿದ ಕಂದುಘಮ ಮೂಗಿಗೆ, ಬೆಲ್ಲ ನಾಲಿಗೆಗೆ, ಶುಂಠಿ–ಮೆಣಸಿನ ಸುಡುವಿಕೆ ಚರ್ಮಕ್ಕೆ, ಹಾಲಿನ ನುಣುಪು ಕೆನ್ನೆಗೆ. ನುಂಗಿದ ಒಂದು ನಿಮಿಷದ ಮೇಲೂ ಗಂಟಲಲ್ಲಿ ಮೆಣಸು ಬೆಚ್ಚಗೆ ಉಳಿದಿರುತ್ತದೆ, ಅದರ ಹಿಂದಿನಿಂದ ಉಸಿರಿನ ಜೊತೆ ಜೀರಿಗೆ ಮತ್ತೆ ಮೇಲೇರುತ್ತದೆ.