ಪರದೇಶದ ಮೊದಲ ಶುಕ್ರವಾರ

ನಮ್ಮ ಕರಾವಳಿಯ ಕಥೋಲಿಕ ಕುಟುಂಬಗಳಲ್ಲಿ ಪರದೇಶಕ್ಕೆ ದುಡಿಯಲು ಹೋದವರಿಲ್ಲದ ಮನೆ ವಿರಳ. ಕೊಲ್ಲಿ ನಾಡುಗಳ ಹಣದಿಂದ ಹಂಚಿನ ಮಾಡು ತಾರಸಿಯಾಗಿದೆ, ತಂಗಿಯರ ಮದುವೆಗಳಾಗಿವೆ, ಇಗರ್ಜಿಗಳಿಗೆ ಗಂಟೆಗೋಪುರಗಳೂ ಬಂದಿವೆ. ಆದರೆ ಆ ದುಡಿಮೆಯ ಮೊದಲ ದಿನಗಳು ಹೇಗಿದ್ದವೆಂದು ವಿಚಾರಿಸುವವರು ಕಡಿಮೆ.

ಕೆಲವು ವರ್ಷಗಳ ಹಿಂದೆ ಕುವೈತಿಗೆ ಹೊರಟ ತರುಣನೊಬ್ಬ ಸ್ನಾನದೀಕ್ಷೆಯ ಪ್ರಮಾಣಪತ್ರಕ್ಕಾಗಿ ನನ್ನ ಬಳಿಗೆ ಬಂದಿದ್ದ. ಸಹಿ ಮಾಡಿ, ಮೊಹರು ಒತ್ತಿ, ಆಶೀರ್ವದಿಸಿ ಕಳುಹಿಸಿದೆ. ಎರಡು ವರ್ಷಗಳ ಬಳಿಕ ರಜೆಯಲ್ಲಿ ಬಂದಾಗ ಆತ ಆ ಮೊದಲ ದಿನಗಳ ಕಥೆ ಹೇಳಿದ.

ಅವನು ಇಳಿದದ್ದು ಜುಲೈ ತಿಂಗಳಿನಲ್ಲಿ. ಮುಂಜಾನೆ ನಲ್ಲಿ ತಿರುಗಿಸಿದರೆ ಮೈ ಸುಡುವ ನೀರು. ಗೀಸರಿನ ಸ್ವಿಚ್ ಆರಿಸಿಟ್ಟು, ಅದರೊಳಗೆ ತಣಿದ ನೀರಿನಲ್ಲಿ ಸ್ನಾನ ಮಾಡಬೇಕೆಂಬುದನ್ನು ಕೋಣೆಯ ಸಂಗಡಿಗರು ಕಲಿಸಿದರು. ಒಂದು ದಿನಾರಿಗೆ 1,000 ಫಿಲ್ಸ್. ಪ್ರತಿ ಚಹಾದ ಬೆಲೆಯನ್ನೂ ರೂಪಾಯಿಗೆ ಪರಿವರ್ತಿಸಿ ನೋಡಿ ಕುಡಿಯದೆ ಮರಳುತ್ತಿದ್ದ. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಹಿಂದೆ. ರಾತ್ರಿ ಎಂಟಕ್ಕೆ ಕೆಲಸ ಮುಗಿಸಿ ಬರುವಾಗ ಊರಿನಲ್ಲಿ ತಾಯಿ ಮಲಗಿರುತ್ತಿದ್ದಳು. ಕುವೈತಿನಲ್ಲಿ 2007ರಿಂದ ವಾರದ ರಜೆ ಶುಕ್ರವಾರ ಮತ್ತು ಶನಿವಾರ. ಮೊದಲ ಆದಿತ್ಯವಾರ ಅವನಿಗೆ ಅಭ್ಯಾಸದಂತೆ ಬೇಗನೆ ಎಚ್ಚರವಾಯಿತು. ಉಳಿದವರೆಲ್ಲ ಕೆಲಸದ ಬಟ್ಟೆ ತೊಡುತ್ತಿದ್ದರು. “ಅಂದು ಆದಿತ್ಯವಾರವೆಂದು ಆ ಕೋಣೆಯಲ್ಲಿ ನನಗೊಬ್ಬನಿಗೇ ಗೊತ್ತಿತ್ತು ಫಾದರ್” ಎಂದ. ತಾಯಿ ಫೋನಿನಲ್ಲಿ ಕೇಳಿದಾಗಲೆಲ್ಲ “ಎಲ್ಲ ಚೆನ್ನಾಗಿದೆ ಅಮ್ಮಾ” ಎಂಬುದೇ ಅವನ ಉತ್ತರ.

ಅಭ್ಯಾಸವು ಸ್ವಭಾವಕ್ಕೆ ಸಮೀಪವಾದುದೆಂದು ಅರಿಸ್ಟಾಟಲ್ ಕಂಡಿದ್ದ. ಮನೆಯ ಬಾವಿ, ಇಗರ್ಜಿಯ ಗಂಟೆ, ನೆರೆಯವರು ಕರೆಯುವ ಹೆಸರು – ಇವೆಲ್ಲ ನಮ್ಮ ಹೊರಗಿನ ವಸ್ತುಗಳೆಂದು ತಿಳಿದಿರುತ್ತೇವೆ. ಅವನ್ನು ಒಮ್ಮೆಲೆ ಕಳಚಿದಾಗ ನಾವೇ ಅಷ್ಟು ಕಡಿಮೆಯಾದಂತೆ ಭಾಸವಾಗುತ್ತದೆ. ಊರಿನಲ್ಲಿ ‘ಇಂಥವರ ಮಗ’ನಾಗಿದ್ದವನು ಅಲ್ಲಿ ಗುರುತುಚೀಟಿಯ 12 ಅಂಕೆಗಳಾಗುತ್ತಾನೆ. ಆ ದಿನಗಳ ಕಣ್ಣೀರು ದೌರ್ಬಲ್ಯವಲ್ಲ.

ಅವನನ್ನು ಮೇಲೆತ್ತಿದವರು ಪಕ್ಕದ ಕೋಣೆಯ ಹಿರಿಯ ಚಾಲಕರೊಬ್ಬರು. ಒಂದು ಶುಕ್ರವಾರ ಅವರು ಅವನನ್ನು ಕುವೈತ್ ನಗರದ ಪವಿತ್ರ ಕುಟುಂಬದ ಪ್ರಧಾನಾಲಯಕ್ಕೆ ಕರೆದೊಯ್ದರು. ಆದಿತ್ಯವಾರ ದುಡಿಯಬೇಕಾದ ಆ ನಾಡಿನಲ್ಲಿ ಆದಿತ್ಯವಾರದ ಬಲಿಪೂಜೆಯನ್ನು ಶುಕ್ರವಾರವೂ ಅರ್ಪಿಸುತ್ತಾರೆ. ಹಲವು ಭಾಷೆಗಳ ಪೂಜೆಗಳಲ್ಲಿ ಕೊಂಕಣಿಯದೂ ಉಂಟು. ಪೂಜೆ ಮುಗಿದ ಮೇಲೆ ಅಪರಿಚಿತರೊಬ್ಬರು “ಯಾವ ಊರು?” ಎಂದು ಕೇಳಿ, ತಮ್ಮ ಬುತ್ತಿಯ ಅರ್ಧವನ್ನು ಅವನ ಕೈಗಿತ್ತರು. ಅಂದು ಸಂಜೆ ಅವನು ಮೊದಲ ಬಾರಿಗೆ ತಾಯಿಯೊಡನೆ ನಿಜ ಹೇಳಿದ, ಅತ್ತ, ಬಳಿಕ ಚೆನ್ನಾಗಿ ನಿದ್ರಿಸಿದ.

ಈಜಿಪ್ಟಿಗೆ ಓಡಿದ ಪವಿತ್ರ ಕುಟುಂಬವೇ ಎಲ್ಲ ವಲಸಿಗರ ಕುಟುಂಬಗಳಿಗೆ ಆದರ್ಶವೆಂದು ಪೋಪ್ ಹನ್ನೆರಡನೆಯ ಪಿಯುಸ್ 1952ರಲ್ಲಿ ಬೋಧಿಸಿದರು. ಸಂತ ಜೋಸೆಫರಿಗೆ ಅಲ್ಲಿ ಮೊದಲ ಕೆಲಸ ಕೊಟ್ಟವರಾರು, ಮಾತೆ ಮರಿಯಳಿಗೆ ನೀರಿನ ದಾರಿ ತೋರಿದವರಾರು, ಶುಭಸಂದೇಶ ಹೇಳುವುದಿಲ್ಲ. ಆದರೆ ಅಂಥವರೊಬ್ಬರು ಇದ್ದಿರಲೇಬೇಕು.

ನನ್ನ ತಪ್ಪನ್ನು ಒಪ್ಪಿಕೊಳ್ಳಬೇಕು. ಅವನಿಗೆ ಮೊಹರು ಒತ್ತಿದ ಕಾಗದ ಕೊಟ್ಟೆನೇ ಹೊರತು, ಅಲ್ಲಿರುವ ನಮ್ಮವರೊಬ್ಬರ ಹೆಸರನ್ನು ಕೊಡಲಿಲ್ಲ. ಈಗ ನಮ್ಮ ಧರ್ಮಕೇಂದ್ರದಿಂದ ಹೊರಡುವವರಿಗೆ ಪ್ರಮಾಣಪತ್ರದ ಜೊತೆಗೆ ಅಂಥ ಒಂದು ಹೆಸರನ್ನೂ ಬರೆದುಕೊಡುತ್ತೇನೆ. ಹೆತ್ತವರಲ್ಲಿಯೂ ಒಂದು ಬಿನ್ನಹ: ಮೊದಲ ತಿಂಗಳು ಹಣದ ಮಾತು ಬೇಡ. ‘ಸುಖವೇ?’ ಎಂದರೆ ಮಗ ಹೌದೆನ್ನುತ್ತಾನೆ; ಇಂದು ಏನು ಉಂಡೆ, ಯಾರೊಡನೆ ಕುಳಿತು ಉಂಡೆ ಎಂದು ಕೇಳಿರಿ.

ಇನ್ನೊಂದು ಮಾತು. ನಮ್ಮದೇ ಇಗರ್ಜಿಯ ಹಿಂದಿನ ಬೆಂಚಿನಲ್ಲಿ ಜಾರ್ಖಂಡ್, ಒಡಿಶಾಗಳಿಂದ ಕೂಲಿಗೆ ಬಂದ ಕಥೋಲಿಕ ಯುವಕರು ಕುಳಿತಿರುತ್ತಾರೆ. ನಮ್ಮ ಕೀರ್ತನೆಗಳು ಅವರಿಗೆ ಅರ್ಥವಾಗವು. ಪೂಜೆ ಮುಗಿಯುತ್ತಲೇ ಯಾರೊಡನೆಯೂ ಮಾತಿಲ್ಲದೆ ಹೊರಡುತ್ತಾರೆ. ಪರದೇಶಿಯಾಗಿದ್ದ ತನ್ನನ್ನು ಬರಮಾಡಿಕೊಂಡೆವೋ ಇಲ್ಲವೋ ಎಂಬುದನ್ನು ಅಂತಿಮ ತೀರ್ಪಿನ ದಿನ ಯೇಸುಸ್ವಾಮಿ ನೋಡುವರೆಂದು ಸಂತ ಮತ್ತಾಯರು ಬರೆದಿದ್ದಾರೆ. ಬರುವ ಆದಿತ್ಯವಾರ ಅವರಲ್ಲೊಬ್ಬನ ಬಳಿಗೆ ಹೋಗಿ “ಯಾವ ಊರು?” ಎಂದು ಕೇಳೋಣ. ಆಗಲೇ ಕುವೈತಿನಲ್ಲಿ ನಮ್ಮ ಮಗನಿಗೆ ಬುತ್ತಿ ಹಂಚಿದ ಆ ಅಪರಿಚಿತರ ಋಣ ಸ್ವಲ್ಪವಾದರೂ ತೀರೀತು.