ಮಣ್ಣಿನೊಳಗಣ ಮಿತ್ರರು

ಗುಡುಗು ನೆಲದಿಂದ ಶಿಲೀಂಧ್ರಗಳನ್ನು ಎಬ್ಬಿಸಿ ಭೂಮಿಯ ಬಂಜೆತನವನ್ನು ಕಳೆಯುತ್ತದೆ ಎಂಬ ಭಾವ ಕಾಳಿದಾಸನ ಮೇಘದೂತದಲ್ಲಿದೆ. ಶಿಲೀಂಧ್ರವೆಂದರೆ ಅಣಬೆ, ನಾಯಿಕೊಡೆ, ಬೂಷ್ಟಿನ ಕುಲ. ತರಗತಿಯಲ್ಲಿ ಈ ಶಬ್ದಾರ್ಥವನ್ನು ಹೇಳುತ್ತಿದ್ದಾಗ ತೋಟದ ಮನೆಯ ಹುಡುಗನೊಬ್ಬನು ಎದ್ದುನಿಂತು, "ಹಾಗಾದರೆ ನಮ್ಮಪ್ಪ ಅದಕ್ಕೆ ಔಷಧ ಹೊಡೆಯುವುದು ಯಾಕೆ, ಸಾರ್?" ಎಂದು ಕೇಳಿದನು. ಪ್ರಶ್ನೆ ಚಿಕ್ಕದಲ್ಲ.

1885ರಲ್ಲಿ ಜರ್ಮನಿಯ ಫ್ರಾಂಕ್ ಎಂಬ ವಿಜ್ಞಾನಿ ಮರದ ಬೇರಿನೊಡನೆ ಕೂಡಿ ಬಾಳುವ ಶಿಲೀಂಧ್ರಕ್ಕೆ 'ಮೈಕೊರೈಜಾ', ಎಂದರೆ ಶಿಲೀಂಧ್ರಬೇರು, ಎಂದು ಹೆಸರಿಟ್ಟನು. ಅದೇ ವರ್ಷ ಫ್ರಾನ್ಸಿನ ಮಿಲಾರ್ಡೆ ಎಂಬಾತನು ಮೈಲುತುತ್ತ ಮತ್ತು ಸುಣ್ಣ ಸೇರಿಸಿದ ಬೋರ್ಡೋ ದ್ರಾವಣದ ಗುಣವನ್ನು ಪ್ರಕಟಿಸಿದನು. ಮಿತ್ರನ ಪರಿಚಯ, ಶತ್ರುವಿಗೆ ಮದ್ದು, ಎರಡೂ ಒಂದೇ ವರ್ಷ! 1910ರ ಹೊತ್ತಿಗೆ ಮೈಸೂರು ಸಂಸ್ಥಾನದ ಡಾ. ಕೋಲ್ಮನ್ ಅವರು ಅಡಕೆಯ ಕೊಳೆರೋಗಕ್ಕೆ ಆ ದ್ರಾವಣವನ್ನು ಬಳಕೆಗೆ ತಂದರು. ಆ ಉಪಕಾರವನ್ನು ಮರೆಯಲಾಗದು.

ಬೇರಿನ ಮಿತ್ರನಾದರೋ ಕೂದಲಿಗಿಂತ ಸಣ್ಣ ಎಳೆಗಳನ್ನು ಮಣ್ಣಿನಲ್ಲಿ ಹರಡಿ, ಬೇರು ಮುಟ್ಟಲಾರದೆಡೆಯಿಂದ ರಂಜಕವನ್ನು ತಂದುಕೊಡುತ್ತಾನೆ. ಪ್ರತಿಯಾಗಿ ಗಿಡದಿಂದ ಸಕ್ಕರೆಯನ್ನು ಪಡೆಯುತ್ತಾನೆ. ಕೊಟ್ಟು ಕೊಳ್ಳುವ ಬಾಳುವೆ.

ಮದ್ದು ಹೆಚ್ಚಾದರೆ ಕೇಡು ಕಣ್ಣಿಗೆ ಕಾಣುತ್ತದೆ, ಅಲ್ಪವಾದರೆ ಕಾಣದು. ಬೆನೊಮಿಲ್, ಕಾರ್ಬೆಂಡಜಿಮ್ ಜಾತಿಯ ಔಷಧಗಳು ಮಣ್ಣಿಗಿಳಿದಾಗ ಬೇರಿನೊಳಗಿನ ಶಿಲೀಂಧ್ರವು ಇದ್ದಂತೆಯೇ ತೋರಬಹುದು. ಆದರೆ ಹೊರಗಿನ ಎಳೆಗಳು ರಂಜಕವನ್ನು ಸಾಗಿಸುವುದು ಕುಗ್ಗುತ್ತದೆ. ಆಳು ಮನೆಯಲ್ಲಿದ್ದಾನೆ, ನೀರು ಮಾತ್ರ ಬರುತ್ತಿಲ್ಲ! ರೋಗಕಾರಕಗಳನ್ನು ತಡೆಯುವ ಟ್ರೈಕೊಡರ್ಮ ಎಂಬ ಇನ್ನೊಂದು ಮಿತ್ರಶಿಲೀಂಧ್ರದ ಸಾಮಾನ್ಯ ತಳಿಗಳಿಗೆ ಲೀಟರಿಗೆ ಕೆಲವೇ ಮಿಲಿಗ್ರಾಂ ಕಾರ್ಬೆಂಡಜಿಮ್ ಸಾಕು, ಬೆಳವಣಿಗೆ ನಿಲ್ಲುತ್ತದೆ. ಎಲ್ಲ ಔಷಧವೂ ಹೀಗಲ್ಲ. ಕೊಳೆರೋಗದ ಕುಲವನ್ನೇ ಗುರಿಮಾಡುವ ಮೆಟಲಾಕ್ಸಿಲ್ ಬೇರಿನ ಮಿತ್ರನನ್ನು ಬಹುಮಟ್ಟಿಗೆ ಬಾಧಿಸದು. ತಾಮ್ರದ ರೀತಿ ಬೇರೆ. ಅದು ಕೊಳೆತು ಕರಗುವ ವಸ್ತುವಲ್ಲ. ವರ್ಷವರ್ಷವೂ ತೊಟ್ಟಿಕ್ಕಿದ್ದು ಮೇಲ್ಮಣ್ಣಿನಲ್ಲಿ ಕೂಡಿಬೀಳುತ್ತದೆ. ಮಲೆನಾಡಿನಂಥ ಹುಳಿಮಣ್ಣಿನಲ್ಲಿ ಅದರ ಕಾಟ ಹೆಚ್ಚು.

ಹಾಗೆಂದು ಮದ್ದನ್ನೇ ಬಿಡಬೇಕೆ? ಬೇಡ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬ ಅಳತೆ ತಪ್ಪದಿರಲಿ. ದ್ರಾವಣ ಗೊನೆಗೆ ಬೀಳಲಿ, ಉಳಿದದ್ದನ್ನು ಮರದ ಬುಡಕ್ಕೆ ಸುರಿಯುವುದು ಬೇಡ. ಟ್ರೈಕೊಡರ್ಮ ಹಾಕಿದ ಪಾತಿಗೆ ಕಾರ್ಬೆಂಡಜಿಮ್ ಹಾಕಬಾರದು. ಪೇಟೆಯ ಮನೆಯವರೂ ಮಲ್ಲಿಗೆ ಕುಂಡಕ್ಕೆ, ರೋಗವೇ ಇಲ್ಲದಾಗ, "ಇರಲಿ" ಎಂದು ಚಿಟಿಕೆ ಪುಡಿ ಉದುರಿಸುವ ಅಭ್ಯಾಸವನ್ನು ಬಿಡುವುದು ಲೇಸು.

ಹುಡುಗನಿಗೆ ನಾನು ಹೇಳಿದ್ದು ಇಷ್ಟೇ: "ನಿಮ್ಮಪ್ಪ ಹೊಡೆಯುವುದು ತಪ್ಪಲ್ಲಪ್ಪ. ಎಲ್ಲಿ ಬೀಳುತ್ತದೆಂದು ನೋಡಿ ಹೊಡೆಯಲಿ."